ಇಟ್ಟಿಗೆ ಚೆಲುವರಾಜುವಿನ ಮಗಳು ಕಲ್ಕತ್ತಾಕ್ಕೆ ಹೋದದ್ದು

ಜಯಲಕ್ಷ್ಮಿಪುರಂನಲ್ಲಿ ಇಟ್ಟಿಗೆ ಚೆಲುವರಾಜು ಎಂದರೆ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಹೊಸದಾಗಿ ಎದ್ದ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗಳ ಗೋಡೆಗೆ ಇಟ್ಟಿಗೆ ಬಂದದ್ದು ಅವರ ಗೂಡಿನಿಂದ. ಕಡಕೊಳದಲ್ಲಿ ರಾಗಿ, ಹುರುಳಿ ಬೆಳೆದುಕೊಂಡಿದ್ದ ಮನೆತನ. ಸ್ವಾತಂತ್ರ್ಯ ಬಂದ ವರ್ಷ ಮೊದಲ ಸಲ ಎತ್ತಿನ ಗಾಡಿಯಲ್ಲಿ ಇಟ್ಟಿಗೆ ಹೇರಿಕೊಂಡು ಮೈಸೂರಿಗೆ ಬಂದವರು ಆಮೇಲೆ ಊರಿನ ಜೊತೆಜೊತೆಗೇ ಬೆಳೆದರು. ಮಾತು ಒರಟು, ಮನಸ್ಸು ಮೆತ್ತಗೆ. ಅವರಿಗೂ ಹೆಂಡತಿ ಕೆಂಚಮ್ಮನಿಗೂ ಇದ್ದವಳು ಒಬ್ಬಳೇ ಮಗಳು, ದೇವಿರಮ್ಮ.

ದೇವಿರಮ್ಮ ಮೈಸೂರಿನಲ್ಲೇ ಎಂ.ಬಿ.ಬಿ.ಎಸ್. ಮುಗಿಸಿ ದೊಡ್ಡಾಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ಸೇರಿದ್ದು 1957ರಲ್ಲಿ. ಮುಂದೇನು ಓದಬೇಕು ಎಂದು ಮನೆಯಲ್ಲಿ ಯಾರೂ ಕೂತು ಚರ್ಚೆ ಮಾಡಿರಲಿಲ್ಲ. ಚರ್ಚೆ ಮಾಡುವುದಕ್ಕೆ ಏನಿತ್ತು? ಹೆಣ್ಣು ಡಾಕ್ಟರು ಎಂದರೆ ಹೆರಿಗೆ ಡಾಕ್ಟರು. ಮದರಾಸಿಗೆ ಹೋಗಿ ಡಿ.ಜಿ.ಓ. ಎಂಬ ಹೆರಿಗೆಯ ಓದು ಓದಿಕೊಂಡು ಬರುವುದು, ಬಂದ ಮೇಲೆ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಒಂದು ನರ್ಸಿಂಗ್ ಹೋಂ. ಚೆಲುವರಾಜು ಆ ಸೈಟಿನಲ್ಲಿ ಆಗಲೇ ಚೆನ್ನಾಗಿ ಬೆಂದ ಇಟ್ಟಿಗೆಗಳನ್ನೇ ಆರಿಸಿ ಒಟ್ಟಿಸಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಸುತ್ತ ಒಂದು ಸುತ್ತು ಬಂದು, "ಇಲ್ಲಿ ಬಾಗ್ಲು, ಇಲ್ಲಿ ನಿನ್ನ ರೂಮು, ಅಗೋ ಅಲ್ಲಿ ಬಾಣಂತೀರಿಗೆ ಬಿಸಿನೀರೊಲೆ" ಎಂದು ಗಾಳಿಯಲ್ಲೇ ಕಟ್ಟಡ ಕಟ್ಟುತ್ತಿದ್ದರು. ದೇವಿರಮ್ಮನಿಗೂ ಅದರಲ್ಲಿ ಬೇಸರವಿರಲಿಲ್ಲ. ಮದರಾಸಿಗೆ ಅರ್ಜಿ ಹಾಕಿದ್ದಳು, ಸೀಟೂ ಸಿಕ್ಕಿತ್ತು. ಬರುವ ಜುಲೈಗೆ ಸೇರಬೇಕಿತ್ತು.

ಅಷ್ಟರಲ್ಲಿ ಮಾದೇವಮ್ಮ ಬಂದಳು.

ಕಾರ್ತಿಕದ ಒಂದು ಬೆಳಿಗ್ಗೆ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೆರಿಗೆ ವಾರ್ಡಿಗೆ ತಂದಿದ್ದರು. ಕಡಕೊಳದಾಚೆಯ ಹೊಸಕೊಪ್ಪಲು ಎಂಬ ಸಣ್ಣ ಹಟ್ಟಿಯ ಕೂಲಿ ಹೆಂಗಸು. ಏಳು ತಿಂಗಳ ಬಸುರಿ. ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ಚಳಿಗೆ ಅವಳ ಮಂಚವೇ ಅಲ್ಲಾಡುತ್ತಿತ್ತು. ಹಿಂದಿನ ಎರಡು ಬಸಿರೂ ಹೀಗೇ ಜ್ವರ ಬಂದು ನಿಲ್ಲದೆ ಹೋಗಿದ್ದವು.

"ಇದೂ ಓಯ್ತದೆ ಬುಡವ್ವ, ನಂಗೊತ್ತು" ಎಂದಳು ಮಾದೇವಮ್ಮ. ಅಳುತ್ತಿರಲಿಲ್ಲ. ಅದನ್ನು ಕೇಳಿದ ದೇವಿರಮ್ಮನಿಗೆ ಕೋಪ ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ.

"ಓಗಲ್ಲ ಸುಮ್ನಿರು" ಎಂದು ಅವಳದೇ ಮಾತಿನಲ್ಲಿ ಗದರಿ, ಬೆರಳ ತುದಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡಳು. ಅದನ್ನು ಯಾರ ಕೈಲೂ ಕಳಿಸುವ ತಾಳ್ಮೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹೊರಟಳು, ಪ್ರೊಫೆಸರ್ ಶಿವಮಲ್ಲಪ್ಪನವರ ಕೋಣೆಗೆ.

ಶಿವಮಲ್ಲಪ್ಪನವರು ಕಾಲೇಜಿನಲ್ಲಿ ಹೈಜೀನ್ ಪಾಠ ಮಾಡುತ್ತಿದ್ದವರು. ಅವರ ಕ್ಲಾಸು ಊಟವಾದ ಮೇಲೆ. ಕುಡಿಯುವ ನೀರು, ಚರಂಡಿ, ಸಿಡುಬಿನ ಲಸಿಕೆ ಎಂದು ಅವರು ಮೆಲ್ಲಗೆ ಹೇಳುತ್ತಿದ್ದರೆ ಹಿಂದಿನ ಬೆಂಚುಗಳು ತೂಕಡಿಸುತ್ತಿದ್ದವು. ದೇವಿರಮ್ಮನೂ ತೂಕಡಿಸಿದವಳೇ. ಆದರೆ ಒಳ್ಳೆಯ ಮೈಕ್ರೋಸ್ಕೋಪ್ ಇದ್ದದ್ದು ಅವರ ಕೋಣೆಯಲ್ಲಿ, ಪೂರ್ವದ ಕಿಟಕಿಯ ಪಕ್ಕ. "ನೋಡಬಹುದಾ ಸಾರ್?" ಎಂದಳು. ಅವರು ಕುರ್ಚಿ ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತರು.

ಬಣ್ಣ ಹಾಕಿ, ತೊಳೆದು, ಒಣಗಿಸಿ, ಕಣ್ಣಿಟ್ಟಳು. ಮೊದಲು ಕಂಡದ್ದು ಬರೀ ಕೆಂಪು ಕಣಗಳು, ನೆರೆದ ಜಾತ್ರೆಯ ಹಾಗೆ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ಸರಿಸಿದಳು. ಇದ್ದಕ್ಕಿದ್ದ ಹಾಗೆ, ಕಣಗಳ ನಡುವೆ, ಬಿದಿಗೆ ಚಂದ್ರನ ಹಾಗೆ ಬಾಗಿದ ಒಂದು ನೇರಳೆ ಬಣ್ಣದ ಜೀವಿ. ಪಕ್ಕದಲ್ಲಿ ಇನ್ನೊಂದು. ಪುಸ್ತಕದ ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದಳು. ಆದರೆ ಮೇಲಿನ ವಾರ್ಡಿನಲ್ಲಿ ಮಂಚ ಅಲ್ಲಾಡಿಸುತ್ತಿದ್ದ ಹೆಂಗಸಿನ ಜ್ವರ ಹೀಗೆ ಕಣ್ಣೆದುರಿಗೆ, ಇಷ್ಟು ಚಂದವಾಗಿ ಬಂದು ಕೂತೀತು ಎಂದುಕೊಂಡಿರಲಿಲ್ಲ.

"ಸಾರ್, ಸಿಕ್ಬಿಡ್ತು! ಮಲೇರಿಯಾ! ಬನ್ನಿ ಸಾರ್, ನೋಡಿ!"

ಪ್ರೊಫೆಸರರ ತೋಳು ಹಿಡಿದು ಎಳೆದೆ ಎಂಬುದು ಅವಳಿಗೆ ಆಮೇಲೆ ಹೊಳೆದು ನಾಚಿಕೆಯಾಯಿತು. ಶಿವಮಲ್ಲಪ್ಪನವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಮಾಡಿದೀರಿ ದೇವಿರಮ್ಮ. ಕಾಯಿಲೆ ಯಾವುದು ಅಂತ ಹಿಡಿದಿರಿ" ಎಂದರು. ಆಮೇಲೆ, ಕ್ಲಾಸಿನಲ್ಲಿ ಕೇಳುವ ಹಾಗೆಯೇ ಮೆಲ್ಲಗೆ, "ಎಲ್ಲಿಂದ ಬಂತು?"

ಅವಳ ಹತ್ತಿರ ಇದ್ದದ್ದು ಮಾತ್ರೆ. ಅದನ್ನು ಕೊಟ್ಟಳು. ಜ್ವರ ಇಳಿಯಿತು, ಬಸಿರು ನಿಂತಿತು, ದಿನ ತುಂಬುವ ಹೊತ್ತಿಗೆ ಮಾದೇವಮ್ಮ ಅದೇ ವಾರ್ಡಿನಲ್ಲಿ ಅಂಗೈಯಷ್ಟಗಲದ ಹೆಣ್ಣುಮಗುವನ್ನು ಹೆತ್ತಳು. ಮಗು ವಾರ್ಡೆಲ್ಲ ಕೇಳುವ ಹಾಗೆ ಅತ್ತಾಗ ದೇವಿರಮ್ಮನಿಗೆ ತಾನೇ ಹೆತ್ತಷ್ಟು ಹಿಗ್ಗು. ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಚೆಲುವರಾಜು ಇಟ್ಟಿಗೆ ರಾಶಿಯನ್ನು ತಟ್ಟಿ, "ನೋಡ್ದಾ, ಕೈಗುಣ! ಇಲ್ಲಿ ಬೋರ್ಡು ಏರಿಸ್ಬುಟ್ರೆ ಸಾಲು ನಿಲ್ತಾರೆ ಕಣವ್ವ" ಎಂದರು.

ಸಂಕ್ರಾಂತಿ ಕಳೆದಿತ್ತು. ಒಂದು ಮಧ್ಯಾಹ್ನ ವಾರ್ಡಿಗೆ ಹೋದರೆ ಅದೇ ಮಾದೇವಮ್ಮ ಮತ್ತೆ ಮಲಗಿದ್ದಾಳೆ, ಮಗುವನ್ನು ಎದೆಗವಚಿಕೊಂಡು ನಡುಗುತ್ತಿದ್ದಾಳೆ. ಪಕ್ಕದ ಮಂಚದ ಹೆಂಗಸೂ ಹೊಸಕೊಪ್ಪಲಿನವಳು. ಅದರಾಚೆಯವಳೂ ಹೊಸಕೊಪ್ಪಲಿನವಳೇ. ದೇವಿರಮ್ಮ ಅವರ ಮಧ್ಯೆ ನಿಂತು ಯೋಚಿಸಿದಳು: ಇವಳನ್ನು ವಾಸಿ ಮಾಡಿ ನಾನು ಕಳಿಸಿದ್ದು ಎಲ್ಲಿಗೆ? ಜ್ವರ ಇದ್ದ ಜಾಗಕ್ಕೇ ಅಲ್ಲವಾ?

ಆ ಪ್ರಶ್ನೆ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಹೋದಲ್ಲಿ ಬಂದಲ್ಲಿ ಕಾಡತೊಡಗಿತು. ಶಿವಮಲ್ಲಪ್ಪನವರನ್ನು ಹೋಗಿ ಕೇಳಿದಳು. ಅವರು ಬೀರುವಿನಿಂದ ಬಿಳಿ ಎನಾಮಲ್ ಬಟ್ಟಲೊಂದನ್ನು, ಉದ್ದ ಹಿಡಿಯ ಸೌಟೊಂದನ್ನು ತೆಗೆದುಕೊಟ್ಟರು. "ನಿಂತ ನೀರು ಎಲ್ಲಿದೆಯೋ ಅಲ್ಲೆಲ್ಲ ಮೊಗೆದು ನೋಡಿ. ಮಲೇರಿಯಾ ಸೊಳ್ಳೆಯ ಮರಿಹುಳು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತೆ. ಬೇರೆ ಸೊಳ್ಳೇದು ತಲೆಕೆಳಗಾಗಿ ಜೋತಾಡ್ತಿರುತ್ತೆ. ಅಷ್ಟು ಗೊತ್ತಿದ್ರೆ ಸಾಕು" ಎಂದರು.

ಭಾನುವಾರ ಚಾಮರಾಜಪುರಂ ಸ್ಟೇಷನ್ನಿನಲ್ಲಿ ನಂಜನಗೂಡಿನ ರೈಲು ಹತ್ತಿದಳು. ಸೀರೆಯುಟ್ಟ ಹುಡುಗಿ, ಮಡಿಲಲ್ಲಿ ಬಟ್ಟಲು, ಕೈಯಲ್ಲಿ ಸೌಟು. ಎದುರು ಕೂತಿದ್ದ ಮುದುಕಿ, "ಯಾರ ಮದ್ವೆ ಅಡಿಗೆಗೆ ಓಗ್ತಿದೀಯವ್ವ?" ಎಂದು ಕೇಳಿದಳು. ದೇವಿರಮ್ಮನಿಗೆ ನಗು ತಡೆಯಲಾಗಲಿಲ್ಲ. ಶಾಲೆಗೆ ಚಕ್ಕರ್ ಹೊಡೆದು ಹೊರಟ ಹಾಗಿತ್ತು ಅವಳ ಮನಸ್ಸು. ಕಡಕೊಳದಲ್ಲಿ ಇಳಿದು ಅಪ್ಪನ ಹಳೆಯ ಗೂಡಿನ ಕಡೆಗೆ ಹೋಗದೆ, ಎದುರು ದಿಕ್ಕಿನ ಗಾಡಿ ಜಾಡು ಹಿಡಿದಳು.

ಹೊಸಕೊಪ್ಪಲು ಹೆಸರಿಗೆ ತಕ್ಕ ಹಾಗೆ ಹೊಸದು. ಸೋಗೆ ಹೊದಿಸಿದ ಒಂದಷ್ಟು ಗುಡಿಸಲು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಹಿಂದಿನ ದಿನ ತಾನೇ ಬಂದಿದ್ದ ಮಾದೇವಮ್ಮ ಅವಳನ್ನು ಕಂಡು ದಿಗಿಲುಬಿದ್ದಳು.

"ಯಾಕವ್ವಾ, ಮಾತ್ರೆ ವಾಪಸ್ ಕೊಡ್ಬೇಕಾ?"

"ಇಲ್ಲ ಕಣೇ, ನಿಮ್ಮೂರು ನೋಡೋಕೆ ಬಂದೆ. ಮಕ್ಕಳನ್ನೆಲ್ಲಾ ಕರಿ."

ಮಕ್ಕಳನ್ನು ಒಬ್ಬೊಬ್ಬರಾಗಿ ಚಾಪೆಯ ಮೇಲೆ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು ನೋಡಿದಳು. ಮುಟ್ಟಿದ ಹೊಟ್ಟೆಯಲ್ಲೆಲ್ಲ ಜ್ವರಗಡ್ಡೆ. ಆರೋಗ್ಯವಾಗಿರುವ ಮಗುವಿನಲ್ಲಿ ಕೈಗೇ ಸಿಗದ ಗುಲ್ಮ ಇಲ್ಲಿ ಊದಿ ಪಕ್ಕೆಯಿಂದ ಇಳಿದು ಗಟ್ಟಿಯಾಗಿ ಕೂತಿತ್ತು. ಕಚಗುಳಿಯಾಗಿ ಮಕ್ಕಳು ಕಿಲಕಿಲ ನಗುತ್ತಿದ್ದರು. ಎದ್ದು ಸೌಟು ಹಿಡಿದಳು.

ಸೇದುವ ಬಾವಿ ನೋಡಿದಳು, ಏನೂ ಇಲ್ಲ. ದನ ಕುಡಿಯುವ ತೊಟ್ಟಿಯಲ್ಲಿ ತಲೆಕೆಳಗಾಗಿ ಜೋತಾಡುವ ಹುಳುಗಳು, ಅವಲ್ಲ. ಬಿಸಿಲೇರಿತು. ಗುಡಿಸಲುಗಳ ಹಿಂದೆ ದಿಬ್ಬ ಹತ್ತಿ ಇಳಿದರೆ ಸಾಲಾಗಿ ಅಗೆದ ದೊಡ್ಡ ಗುಂಡಿಗಳು. ಒಳಗೆ ಆಕಾಶ ಕಾಣುವಷ್ಟು ತಿಳಿಯಾದ ನೀರು, ಅಂಚಿನಲ್ಲಿ ಎಳೆ ಹುಲ್ಲು. ನೋಡಿದರೆ ಮುಖ ತೊಳೆಯೋಣ ಎನ್ನಿಸಬೇಕು. ದೇವಿರಮ್ಮ ಮಂಡಿಯೂರಿ, ಹುಲ್ಲಿನ ಪಕ್ಕದಿಂದ ಒಂದು ಸೌಟು ಮೊಗೆದು ಬಿಳಿ ಬಟ್ಟಲಿಗೆ ಸುರಿದಳು.

ಕಸ ತಳಕ್ಕೆ ಇಳಿಯಿತು. ನೀರಿನ ಮೇಲೆ, ಯಾರೋ ಕಪ್ಪು ದಾರವನ್ನು ಸಣ್ಣಗೆ ಕತ್ತರಿಸಿ ಹರಡಿದ ಹಾಗೆ, ಮರಿಹುಳುಗಳು ಚಪ್ಪಟೆಯಾಗಿ ಮಲಗಿದ್ದವು.

"ಇದಾವೆ! ಇಲ್ಲೇ ಇದಾವೆ! ಮಾದೇವಮ್ಮಾ, ಬಾರೇ ಇಲ್ಲಿ!"

ಕಿರುಚಿದ ರಭಸಕ್ಕೆ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಸ್ಲೈಡಿನಲ್ಲಿ ಕಂಡ ನೇರಳೆ ಚಂದ್ರನಿಂದ ಹೊರಟು, ರೈಲು ಹತ್ತಿ, ಆ ಚಂದ್ರ ಹುಟ್ಟುವ ಮನೆಯ ಬಾಗಿಲಿಗೇ ಬಂದುಬಿಟ್ಟಿದ್ದಳು. ಓಡಿ ಬಂದ ಮಾದೇವಮ್ಮ ಬಟ್ಟಲಿಗೆ ಇಣುಕಿ, "ಈ ಹುಳಾನಾ ಜ್ವರ? ದಿನಾ ಇದ್ರಲ್ಲೇ ಕೈಕಾಲು ತೊಳೀತೀವಲ್ಲವ್ವ" ಎಂದಳು.

"ಈ ಗುಂಡಿ ತೋಡಿದ್ದು ಯಾರೇ?"

"ಇಟ್ಟಿಗೆ ಮಣ್ಗೆ ತೋಡಿದ್ದು. ನಾವೇ ಕೂಲಿಯೋರು. ಚೆಲುವರಾಜಪ್ಪೋರದು ಕಣವ್ವ, ಅವ್ರ ಹೊಸಾ ಗೂಡು ಅಗೋ ಅಲ್ಲಿ."

ದೇವಿರಮ್ಮ ತಲೆಯೆತ್ತಿ ನೋಡಿದಳು. ಬಯಲಿನಾಚೆ ಹೊಗೆಯಾಡುತ್ತಿದ್ದ ಗೂಡು. ಅವಳು ಕಾಲೇಜಿನಲ್ಲಿ ಮುಳುಗಿದ್ದ ವರ್ಷಗಳಲ್ಲಿ ಅಪ್ಪ ಶುರು ಮಾಡಿದ ಎರಡನೇ ಗೂಡು. ಅವಳು ಒಮ್ಮೆಯೂ ಬಂದು ನೋಡಿರಲಿಲ್ಲ. ತಾನು ಅವರ ಮಗಳು ಎಂದು ಮಾದೇವಮ್ಮನಿಗೆ ಹೇಳಲಿಲ್ಲ. ಒಂದು ಸೀಸೆಯಲ್ಲಿ ಆ ನೀರನ್ನು ತುಂಬಿಕೊಂಡು, ಬಾಯಿಗೆ ತೆಳುಬಟ್ಟೆ ಕಟ್ಟಿ, ಸಂಜೆಯ ರೈಲು ಹಿಡಿದಳು.

ಮನೆಗೆ ಬಂದವಳು ಸೀಸೆಯನ್ನು ತಂದು ಚೆಲುವರಾಜುವಿನ ಮುಂದಿಟ್ಟಳು. ಅವರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಅಂದ್ರೆ ನಾನು ಆ ಮಕ್ಕಳ ಹೊಟ್ಟೇಲಿ ಗಡ್ಡೆ ಇಟ್ಟೆ ಅಂತೀಯಾ?"

"ನೀನು ಬೇಕಂತ ಮಾಡಿದೆ ಅಂತ ಅಂದೆನಾಪ್ಪ?"

"ಆ ಗುಂಡಿ ಮಣ್ಣಲ್ಲೇ ಕಣೇ ನೀನು ಡಾಕ್ಟರಾಗಿದ್ದು!" ಎಂದು ಎದ್ದು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ಕೆಂಚಮ್ಮ ಮಗಳನ್ನು ನೋಡಿ, "ಭಾನುವಾರ ದೇವಸ್ಥಾನಕ್ಕೆ ಹೋಗು ಅಂದ್ರೆ ಹೊಂಡಕ್ಕೆ ಹೋಗಿ ಬಂದವ್ಳೆ" ಎಂದು ಗೊಣಗಿದರು.

ಸೀಸೆ ಜಗಲಿಯ ಮೇಲೆಯೇ ಉಳಿಯಿತು. ಅದೇ ಒಳ್ಳೆಯದಾಯಿತು. ಚೆಲುವರಾಜು ಆಚೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಹುಳುಗಳು ಮುದುರಿ ಪುಟ್ಟ ಉಂಡೆಗಳಾದವು. ವಾರದ ಕೊನೆಗೆ ದೇವಿರಮ್ಮ ಆಸ್ಪತ್ರೆಗೆ ಹೊರಟಿದ್ದಾಗ ಜಗಲಿಯಿಂದ ಕೂಗು ಬಂತು: "ದೇವೀ! ಬಾ ಬಾ, ಈಚೆ ಬತ್ತಾ ಅದೆ ಕಣವ್ವ!"

ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದರು. ನೀರಿನ ಮೇಲೆ ತೇಲುತ್ತಿದ್ದ ಉಂಡೆಯೊಂದು ಬೆನ್ನು ಬಿರಿದು, ಒಳಗಿನಿಂದ ಸೊಳ್ಳೆ ಮೆಲ್ಲಗೆ ಕಾಲು ಬಿಡಿಸಿಕೊಂಡು ಎದ್ದು, ರೆಕ್ಕೆ ಒಣಗಿಸಿಕೊಂಡು, ಹಾರಿ ಬಟ್ಟೆಯ ಮೇಲೆ ಕೂತಿತು. ಬಾಲ ಮೇಲೆ, ತಲೆ ಕೆಳಗೆ.

"ಎಲ್ಲಾ ಸೊಳ್ಳೇನೂ ಹಿಂಗೇ ಕೂರ್ತಾವಾ?"

"ಇಲ್ಲಪ್ಪ. ಇದೊಂದೇ. ಮಲೇರಿಯಾದ್ದು."

ಚೆಲುವರಾಜು ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಮುಚ್ಬೇಕು ಅಂದ್ರೆ ಅಷ್ಟು ಮಣ್ಣು ಎಲ್ಲಿಂದ ತರ್ಲಿ? ಮಣ್ಣು ಎಲ್ಲಾ ನಿಮ್ಮ ಜಯಲಕ್ಷ್ಮಿಪುರದ ಗೋಡೇಲೈತೆ" ಎಂದರು. ಅದು ಜಗಳದ ದನಿಯಾಗಿರಲಿಲ್ಲ. ಲೆಕ್ಕ ಹಾಕುವ ದನಿಯಾಗಿತ್ತು. ದೇವಿರಮ್ಮನಿಗೆ ಕುಣಿಯಬೇಕೆನ್ನಿಸಿತು.

"ಮುಚ್ಚಲೇಬೇಕು ಅಂತಿಲ್ಲಪ್ಪ. ನೀರು ನಿಲ್ಲದಿದ್ರೆ ಸಾಕು."

"ಹಂಗನ್ನು ಮತ್ತೆ! ಪಕ್ಕದ ಹಳ್ಳ ತಗ್ಗಲ್ಲೇ ಅದೆ. ಗುಂಡಿಯಿಂದ ಗುಂಡಿಗೆ ಕಾಲ್ವೆ ಕೊಯ್ದು ಹಳ್ಳಕ್ಕೆ ಬುಟ್ರೆ ಆಯ್ತು. ತಳಕ್ಕೆ ಗೂಡಿನ ಬೂದಿ, ಇಟ್ಟಿಗೆ ಚೂರು. ಅದೇನು ಕೊರತೆಯಾ ನಮ್ಮತ್ರ?"

ಮಾಘದಲ್ಲಿ ಕಾಲುವೆ ಶುರುವಾಯಿತು. ಭಾನುವಾರಗಳಲ್ಲಿ ಅಪ್ಪ ಮಗಳು ಒಟ್ಟಿಗೇ ರೈಲು ಹತ್ತುತ್ತಿದ್ದರು. ಚೆಲುವರಾಜು ಹಗ್ಗ ಹಿಡಿದು ನೀರಿನ ಇಳಿಜಾರು ನೋಡಿ ಜನರನ್ನು ಕೂಗುತ್ತಿದ್ದರೆ, ಅವಳು ಹಟ್ಟಿಯವರಿಗೆಲ್ಲ ಮಾತ್ರೆ ನುಂಗಿಸುತ್ತಿದ್ದಳು. ಅವಳು ಯಾರ ಮಗಳೆಂದು ತಿಳಿದ ದಿನ ಮಾದೇವಮ್ಮ ಗಲ್ಲಕ್ಕೆ ಕೈಯಿಟ್ಟು, "ಅಯ್ಯೋ ಸಿವ್ನೇ, ದಣಿಗಳ ಮಗ್ಳನ್ನ 'ಬುಡವ್ವ' ಅಂದ್ಬುಟ್ಟಿದ್ನಲ್ಲ!" ಎಂದು ನಕ್ಕಳು. ಶಿವಮಲ್ಲಪ್ಪನವರು ಓಡಾಡಿ ಗುಡಿಸಲುಗಳಿಗೆ ಡಿಡಿಟಿ ಸಿಂಪಡಿಸುವವರನ್ನೂ ಕರೆಸಿದರು. ಕೊನೆಯ ಗುಂಡಿಯ ಅಂಚು ಒಡೆದು ನೀರು ಭೋರೆಂದು ಹಳ್ಳಕ್ಕೆ ಇಳಿದಾಗ ಹೆಂಗಸರೆಲ್ಲ ದಿಬ್ಬದ ಮೇಲೆ ನಿಂತು ಕೇಕೆ ಹಾಕಿದರು. ಚೆಲುವರಾಜುವಿನ ಪಂಚೆ ಮಂಡಿಯವರೆಗೂ ಕೆಸರು.

ಈ ನಡುವೆಯೇ ಶಿವಮಲ್ಲಪ್ಪನವರು ಅವಳನ್ನು ಕೋಣೆಗೆ ಕರೆದು ಕೂರಿಸಿದ್ದರು.

"ಮದರಾಸು ಒಳ್ಳೇದೇ. ಬೇಡ ಅನ್ನಲ್ಲ. ಆದ್ರೆ ಕಲ್ಕತ್ತಾದಲ್ಲಿ ಒಂದೇ ರಸ್ತೆ ಮೇಲೆ, ಅಕ್ಕಪಕ್ಕದಲ್ಲೇ ಎರಡು ಸಂಸ್ಥೆ ಇದಾವೆ. ಒಂದರಲ್ಲಿ ಡಿ.ಟಿ.ಎಂ., ಉಷ್ಣದೇಶದ ಕಾಯಿಲೆಗಳ ಓದು. ಮಲೇರಿಯಾ, ಕಾಲರಾ, ಕಾಲಾ ಅಜಾರ್, ಕೊಕ್ಕೆಹುಳು. ಇನ್ನೊಂದರಲ್ಲಿ ಡಿ.ಪಿ.ಎಚ್., ಸಾರ್ವಜನಿಕ ಆರೋಗ್ಯ. ನೀರು, ಚರಂಡಿ, ಅಂಕಿಅಂಶ, ಕಾನೂನು. ಎರಡಕ್ಕೂ ನಾನು ಬರೆದುಕೊಡ್ತೀನಿ. ಸೇರೋದು ಒಂದಕ್ಕೇ. ನನ್ನ ಕೇಳಿದ್ರೆ ಡಿ.ಟಿ.ಎಂ. ಆ ಸ್ಲೈಡ್ ನೋಡಿದ ದಿನವೇ ಅಂದ್ಕೊಂಡೆ, ನಿಮ್ಮದು ಲ್ಯಾಬಿನ ಕಣ್ಣು."

ಅಂದಿನಿಂದ ದೇವಿರಮ್ಮನ ತಲೆ ಜೇನುಗೂಡಾಯಿತು. ಸೋಮವಾರ ಯಾವುದೋ ರಕ್ತದ ಪಟ್ಟಿಯಲ್ಲಿ ಆನೆಕಾಲು ರೋಗದ ಫೈಲೇರಿಯಾ ಹುಳು ಹಾವಿನ ಮರಿಯ ಹಾಗೆ ನುಲಿಯುವುದನ್ನು ನೋಡಿ, ಡಿ.ಟಿ.ಎಂ. ಬಿಟ್ಟರೆ ಇನ್ನೊಂದಿಲ್ಲ ಎಂದುಕೊಳ್ಳುತ್ತಿದ್ದಳು. ಗುರುವಾರ ಮಂಡಿಮೊಹಲ್ಲಾದ ಒಂದು ಓಣಿಯಲ್ಲಿ ಕುಡಿಯುವ ನೀರಿನ ಕೊಳಾಯಿ ಚರಂಡಿಯೊಳಗಿಂದಲೇ ಹಾದುಹೋಗಿರುವುದನ್ನು ಕಂಡು, ಡಿ.ಪಿ.ಎಚ್. ಓದಿ ಇದನ್ನು ಕಿತ್ತು ಹಾಕಿಸುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದಳು. ಎರಡೂ ಸಂಸ್ಥೆಗಳ ಪಾಠಪಟ್ಟಿ ತರಿಸಿಕೊಂಡು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಒಂದು ದಿನ ಕೆಂಚಮ್ಮ ಸಾರಿನ ಪಾತ್ರೆ ಕುಕ್ಕಿದರು.

"ಮೊದ್ಲು ಮದರಾಸು ಅಂದೆ. ಈಗ ಕಲ್ಕತ್ತಾ. ಅದ್ರಲ್ಲೂ ಎಡಕ್ಕೋ ಬಲಕ್ಕೋ ಗೊತ್ತಿಲ್ಲ. ಹೆರಿಗೆ ಡಾಕ್ಟ್ರು ಅಂದ್ರೆ ಊರೋರು ಕೈ ಮುಗೀತಾರೆ. ಇದು ಓದಿ ಬಂದ್ರೆ ನಿನ್ನ ಏನಂತ ಕರೀತಾರೆ? ಚರಂಡಿ ಡಾಕ್ಟ್ರು ಅಂತಾನಾ?"

"ಕರೀಲಿ ಬಿಡವ್ವ" ಎಂದಳು ದೇವಿರಮ್ಮ. ಹಾಗೆ ಕರೆಸಿಕೊಂಡರೂ ತನಗೆ ಏನೂ ಅನ್ನಿಸುವುದಿಲ್ಲ ಎಂಬುದು ಬಾಯಿಂದ ಬಂದ ಮೇಲೆಯೇ ಅವಳಿಗೆ ತಿಳಿದದ್ದು.

ಚೆಲುವರಾಜು ಮಾರನೆಯ ಬೆಳಿಗ್ಗೆ ಸೈಟಿನಲ್ಲಿ ಸುತ್ತು ಹಾಕಲು ಹೋಗಲಿಲ್ಲ. ಅಪ್ಪನ ಆಸೆಯನ್ನು ತಾನು ಕೈಯಾರೆ ಕೆಡವುತ್ತಿದ್ದೇನೆ ಎಂದು ದೇವಿರಮ್ಮನಿಗೆ ಅನ್ನಿಸಿತು.

ಏಪ್ರಿಲ್‌ನಲ್ಲಿ ಮುಂಗಾರಿಗೆ ಮೊದಲಿನ ಗುಡುಗು ಮಳೆ ಜೋರಾಗಿ ಬಂತು. ಹಳೆಯ ಲೆಕ್ಕದ ಪ್ರಕಾರ ಗುಂಡಿಗಳು ತುಂಬಬೇಕಿತ್ತು, ವಾರಗಳು ಕಳೆದ ಮೇಲೆ ಜ್ವರದವರನ್ನು ಹೊತ್ತ ಗಾಡಿಗಳು ಬರಬೇಕಿತ್ತು. ದೇವಿರಮ್ಮ ದಿನವೂ ವಾರ್ಡಿಗೆ ಕಾಲಿಟ್ಟ ಕೂಡಲೇ, "ಹೊಸಕೊಪ್ಪಲಿನವರು ಯಾರಾದ್ರೂ ಬಂದಿದಾರಾ?" ಎಂದು ಕೇಳುತ್ತಿದ್ದಳು. ನರ್ಸು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಮೇ ತಿಂಗಳು ಬಂತು. ಅಂದೂ ಕೇಳಿದಳು. ನರ್ಸು ನಕ್ಕು, "ಯಾರೂ ಇಲ್ಲ ಡಾಕ್ಟ್ರೇ, ಅವರೆಲ್ಲಾ ನಿಮ್ಮನ್ನ ಮರ್ತೇಬಿಟ್ರು" ಎಂದರು.

ದೇವಿರಮ್ಮ ಕಿಟಕಿಯ ಬಳಿ ಹೋಗಿ ನಿಂತಳು. ಇಲ್ಲಿಯವರೆಗೆ ಅವಳಿಗೆ ಹಿಗ್ಗು ಕೊಟ್ಟದ್ದೆಲ್ಲ ಕಣ್ಣಿಗೆ ಕಂಡದ್ದು: ಅತ್ತ ಮಗು, ಗಾಜಿನ ಮೇಲಿನ ಚಂದ್ರ, ಬಟ್ಟಲಿನ ಹುಳು. ಇಂದು ಹಿಗ್ಗುತ್ತಿರುವುದು ಬಾರದೇ ಹೋದವರಿಗಾಗಿ. ಆ ಹೆಂಗಸರು ಈ ಹೊತ್ತಿನಲ್ಲಿ ಅಲ್ಲಿ ಅಚ್ಚಿನಲ್ಲಿ ಇಟ್ಟಿಗೆ ಕೊಯ್ಯುತ್ತಲೋ, ಯಾರೊಡನೆಯೋ ಜಗಳ ಆಡುತ್ತಲೋ, ಮಗುವಿಗೆ ಹಾಲೂಡಿಸುತ್ತಲೋ ಇದ್ದಾರೆ. ತಮಗೆ ಬರಬಹುದಾಗಿದ್ದ ಜ್ವರದ ನೆನಪೂ ಅವರಿಗಿಲ್ಲ. ಅದಕ್ಕಿಂತ ದೊಡ್ಡ ಸಂತೋಷ ಅವಳಿಗೆ ಈವರೆಗೆ ಯಾವ ಮಂಚದ ಪಕ್ಕದಲ್ಲೂ ಸಿಕ್ಕಿರಲಿಲ್ಲ.

ನೇರ ಶಿವಮಲ್ಲಪ್ಪನವರ ಕೋಣೆಗೆ ಹೋದಳು.

"ಸಾರ್, ಡಿ.ಪಿ.ಎಚ್."

"ಲ್ಯಾಬು?"

"ಲ್ಯಾಬು ಬೇಕು ಸಾರ್, ಬಿಡಲ್ಲ. ಆದ್ರೆ ಸ್ಲೈಡಿನಲ್ಲಿ ಕಂಡದ್ದನ್ನ ಹಿಡ್ಕೊಂಡು ಗುಂಡಿವರೆಗೂ ಹೋಗ್ಬೇಕು, ಗುಂಡಿ ತೋಡಿದವರ ಜೊತೆ ಜಗಳ ಆಡ್ಬೇಕು, ಅವರನ್ನೇ ಕರ್ಕೊಂಡು ಕಾಲುವೆ ತೆಗೆಸ್ಬೇಕು. ಅದನ್ನ ಕಲಿಸೋದು ಆ ಕಟ್ಟಡದಲ್ಲಿ ತಾನೇ?"

ಶಿವಮಲ್ಲಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಪಾಠ ಮಾಡಿದೀನಿ. ನನ್ನ ಕ್ಲಾಸಿನಿಂದ ತಾನಾಗೇ ಎದ್ದು ಅಲ್ಲಿಗೆ ಹೊರಟವರು ನೀವೇ ಮೊದಲು" ಎಂದರು. "ಅದೂ ತೂಕಡಿಸ್ತಿದ್ದವರು!"

ಮನೆಯಲ್ಲಿ ಹೇಳುವುದು ಕಷ್ಟವಿತ್ತು. ಅಪ್ಪ ಜಗಲಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಕೂತು, ಒಂದೇ ಉಸಿರಿನಲ್ಲಿ ಹೇಳಿದಳು. ಮದರಾಸು ಬೇಡ, ನರ್ಸಿಂಗ್ ಹೋಂ ಆಗುವುದಿಲ್ಲ, ತನ್ನನ್ನು ಕ್ಷಮಿಸಬೇಕು.

ಚೆಲುವರಾಜು ಸೈಟಿನ ಕಡೆ ನೋಡುತ್ತಿದ್ದರು. "ಬೇಜಾರು ಆಗಿಲ್ಲ ಅಂದ್ರೆ ಸುಳ್ಳಾಗ್ತದೆ" ಎಂದರು. ಆಮೇಲೆ ಮಗಳ ಕಡೆ ತಿರುಗಿದರು: "ಮೊನ್ನೆ ಹೊಸಕೊಪ್ಪಲಿಗೆ ಒಬ್ನೇ ಹೋಗಿದ್ದೆ. ಆ ಮಾದೇವಮ್ಮ ಮಗೀನ ತಂದು ನನ್ನ ಕೈಗಿಟ್ಳು. ತೊಡೆ ಮೇಲೆ ಎಗರಾಡ್ತದೆ ಕಣವ್ವ, ತಡ್ಯಕ್ಕಾಗಲ್ಲ. ಹೋಗು. ಓದ್ಕೊಂಡ್ ಬಾ. ಆದ್ರೆ ಒಂದು ಮಾತು. ಊರೋರ ಗುಂಡಿ ಮುಚ್ಸೋಕೆ ಹೋದಾಗ ನಿಮ್ಮಪ್ಪನ ಗುಂಡಿ ಕತೆ ಮೊದ್ಲು ಹೇಳು. ಆಗ ಜನ ಕೇಳ್ತಾರೆ."

ಕೆಂಚಮ್ಮ ಮಾತ್ರ ಪೂರ್ತಿ ಒಪ್ಪಲೇ ಇಲ್ಲ. ಚಟ್ನಿಪುಡಿ, ಹುರಿಹಿಟ್ಟು, ಕೊಬ್ಬರಿ ಮಿಠಾಯಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬುತ್ತಲೇ, "ಏನು ಓದ್ತಾಳೆ ಅಂತ ಕೇಳಿದ್ರೆ ಕಲ್ಕತ್ತಾದಲ್ಲಿ ಓದ್ತಾಳೆ ಅಂತ್ಲೇ ಹೇಳ್ತೀನಿ, ಅದಕ್ಕಿಂತ ಜಾಸ್ತಿ ಕೇಳ್ಬೇಡಿ ಅಂತೀನಿ" ಎಂದು ಹೇಳಿಕೊಳ್ಳುತ್ತಿದ್ದರು.

ಕಲ್ಕತ್ತಾ ತಲುಪಿದ ಮೊದಲ ಬೆಳಿಗ್ಗೆ ದೇವಿರಮ್ಮ ಆ ಎರಡು ಕಟ್ಟಡಗಳ ಮುಂದೆ ಸುಮ್ಮನೆ ನಿಂತಿದ್ದಳು. ಟ್ರಾಂ ಗಂಟೆ, ರಿಕ್ಷಾದವರ ಕೂಗು, ಅರ್ಥವಾಗದ ಬಂಗಾಳಿ, ಮೈಗಂಟುವ ಸೆಕೆ. ಮಲೇರಿಯಾದ ಪುಸ್ತಕಗಳಲ್ಲೆಲ್ಲ ಹೆಸರು ಓದಿದ್ದ ಊರು. ಒಂದು ಕ್ಷಣ ಇನ್ನೊಂದು ಬಾಗಿಲಿನ ಆಸೆಯೂ ಎಳೆಯಿತು. ತನಗೇ ನಗು ಬಂದು, ಸೆರಗು ಸರಿಮಾಡಿಕೊಂಡು ಸಾರ್ವಜನಿಕ ಆರೋಗ್ಯದ ಕಟ್ಟಡಕ್ಕೆ ನುಗ್ಗಿದಳು. ಓದಿನ ದಿನಗಳಲ್ಲಿ ಸಮಯ ಸಿಕ್ಕಾಗಲೆಲ್ಲ ಪಕ್ಕದ ಲ್ಯಾಬಿಗೂ ಹೋಗಿ ಬರುತ್ತಿದ್ದಳೆಂದು ಗೆಳತಿಯರು ಛೇಡಿಸುತ್ತಿದ್ದರು.

ಡಿಪ್ಲೊಮಾ ಹಿಡಿದು ಬಂದ ಮೇಲೆ ಅವಳಿಗೆ ಮೈಸೂರಿನ ಸುತ್ತಲ ಹಳ್ಳಿಗಳ ಆರೋಗ್ಯದ ಕೆಲಸ ಸಿಕ್ಕಿತು. 1961ರ ಬೇಸಿಗೆ. ತಿರುಮಕೂಡಲಿನ ಕಡೆಯ ಒಂದು ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು. ಜೀಪಿನಿಂದ ಇಳಿದವಳ ಮುಂದೆ ಊರಿನ ಚೇರ್ಮನ್ ಜವರಯ್ಯ ಕೈಕಟ್ಟಿ ನಿಂತರು.

"ನೀವು ಡಾಕ್ಟ್ರಮ್ಮ ತಾನೇ?"

"ಹೌದು. ನಿಮ್ಮೂರ ಬಾವಿಗಳನ್ನ ನೋಡ್ಬೇಕಿತ್ತು."

"ಬಾವಿ ಎಲ್ಲೂ ಓಗಲ್ಲ ಬುಡಿ. ನನ್ನ ಸೊಸೆ ಬೆಳಗಿಂದ ಹೆರಿಗೆ ನೋವು ತಿಂತಾ ಅವ್ಳೆ. ಮೊದ್ಲು ಅದ ನೋಡಿ."

ದೇವಿರಮ್ಮ ಬಳೆ ತೆಗೆದು, ಕೈಗಳನ್ನು ಮೊಣಕೈವರೆಗೂ ಸೋಪು ಹಾಕಿ ತೊಳೆದು ಒಳಗೆ ಹೋದಳು. ಕೂಸು ಅಡ್ಡ ತಿರುಗಿತ್ತು, ಕೈಯಿಂದಲೇ ಅದನ್ನು ಸರಿ ತಿರುಗಿಸಬೇಕಾಯಿತು. ಹೊರಗೆ ಊರೆಲ್ಲ ನೆರೆಯಿತು. ಬಿಸಿಲು ಇಳಿಯುವ ಹೊತ್ತಿಗೆ ಒಳಗಿಂದ ಅಳು ಕೇಳಿ, ಜವರಯ್ಯ ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ದೇವಿರಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಈಚೆ ಬಂದಾಗ ಜನ ಅವಳನ್ನೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಏನು ಹೇಳಿದರೂ ಕೇಳುವ ಹಾಗಿದ್ದರು. ಅದು ಅವಳಿಗೂ ಗೊತ್ತಿತ್ತು.

"ಗಂಡುಮಗು, ಚೆನ್ನಾಗಿದೆ" ಎಂದಳು. ಕೂಸನ್ನು ತಾತನ ತೋಳಿಗೆ ಇಳಿಸಿದಳು. "ಈಗ ಇವನು ಕುಡಿಯೋ ನೀರು ಎಲ್ಲಿಂದ ಬರುತ್ತೆ ಜವರಯ್ಯನೋರೇ? ನಡೀರಿ, ತೋರಿಸಿ."

ಜವರಯ್ಯ ಮೊಮ್ಮಗನನ್ನು ಎತ್ತಿಕೊಂಡೇ ಎದ್ದರು. ಇಡೀ ಊರು ಅವಳ ಹಿಂದೆ ಬಾವಿಯ ಕಡೆಗೆ ಹೊರಟಿತು.